ಇಲ್ಲಿ ಕೊಂಡದ್ದು ಇಲ್ಲಿಗೇ ವಾಪಸ್

ನನ್ನ ತಂಗಿಯ ಮಗಳು ರಶೀದಾ ಬಿ.ಸಿ. ರೋಡಿನ ಒಂದು ಗೇಮ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಹೆಡ್‌ಫೋನು, ಕಂಟ್ರೋಲರು, ಗೋಡೆಗೆ ನೇತು ಹಾಕಿದ ಬಣ್ಣಬಣ್ಣದ ಕಾರ್ಡು, ಇಷ್ಟೇ ಅಲ್ಲಿ ಮಾರುವುದು. ಅಂಗಡಿಯ ಹೆಸರಿನಲ್ಲಿ ಗೇಮ್ ಉಂಟು, ಅಂಗಡಿಯೊಳಗೆ ಹುಡುಕಿದರೂ ಒಂದು ಗೇಮ್ ಇಲ್ಲ. ಮೊನ್ನೆ ಮನೆಗೆ ಬಂದವಳು, "ಮಾಮ, ನೀವು ಜೀವಮಾನ ಇದೇ ಕೆಲಸ ಮಾಡಿದ್ದಲ್ವಾ, ನನಗೆ ಏನಾದರೂ ಹೇಳಿಕೊಡಿ" ಎಂದಳು. ಹೇಳಲಿಕ್ಕೆ ಕೂತರೆ ನನ್ನ ಹೆಂಡತಿ ನಡುವೆ ಬಾಯಿ ಹಾಕಿ ಕಥೆಯ ಬಾಲವನ್ನು ಮೊದಲೇ ಹೇಳಿಬಿಡುತ್ತಾಳೆ. ಆದ್ದರಿಂದ ಬರೆಯುತ್ತೇನೆ. ಬರೆಯುವಾಗ ಅವಳು ಬಾಯಿ ಹಾಕಲಿಕ್ಕಾಗುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ನಮ್ಮ ಮನೆಮಾತು ಬ್ಯಾರಿ. ಅಂಗಡಿಯಲ್ಲಿ ಮಾತು ತುಳು. ಕನ್ನಡ ನನಗೆ ಬಂದದ್ದು ಅಜ್ಜನಿಂದ. ಅಜ್ಜ ತಮ್ಮ ಕಣ್ಣು ಮಂಜಾದ ಮೇಲೆ ಜಗಲಿಯಲ್ಲಿ ಕೂತು ನನ್ನಿಂದ ಪೇಪರು ಓದಿಸುತ್ತಿದ್ದರು. ತಪ್ಪು ಓದಿದರೆ ಊರುಗೋಲಿನಿಂದ ನೆಲಕ್ಕೆ ಒಂದು ಕುಟ್ಟು. ಈಗಲೂ ಒಂದು ವಾಕ್ಯ ಬರೆದಾದ ಮೇಲೆ ಆ ಕುಟ್ಟು ಕೇಳಿಸುತ್ತದೋ ಎಂದು ಕಿವಿ ನಿಮಿರುತ್ತದೆ.

ನಮ್ಮ ಅಂಗಡಿ ಇದ್ದದ್ದು ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರ, ಸಂಜೀವ ಶೆಟ್ರ ಹೋಟೆಲಿನ ಮಾಳಿಗೆಯಲ್ಲಿ. ಕೆಳಗೆ ಗೋಳಿಬಜೆ, ಮೇಲೆ ಗೇಮು. ಎರಡಕ್ಕೂ ಶೆಟ್ರೇ ಧಣಿ. ಮೊದಲು ಅಲ್ಲಿ ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದೆವು. ಕ್ಯಾಸೆಟ್ ಸತ್ತ ಮೇಲೆ ಕಾಲೇಜು ಮಕ್ಕಳು ಟೀವಿಗೆ ಜೋಡಿಸಿ ಆಡುವ ಗೇಮಿನ ಡಿಸ್ಕುಗಳನ್ನು ಕೇಳಲಿಕ್ಕೆ ಶುರು ಮಾಡಿದರು. ಹೊಸದರ ಬೆಲೆ ಕೇಳಿದರೆ ಹಾಸ್ಟೆಲಿನ ಮಕ್ಕಳು ಮೆಟ್ಟಿಲಲ್ಲೇ ಹಿಂದೆ ತಿರುಗುತ್ತಿದ್ದರು. ಆಗ ಶೆಟ್ರು ನನ್ನನ್ನು ಕರೆದು ಹೇಳಿದರು:

"ಹಮೀದೇ, ಕೆಳಗೆ ನಾವು ಲೋಟ ಮಾರ್ತೇವಾ?"

"ಇಲ್ಲ ಶೆಟ್ರೇ."

"ಕುಡಿದಾದ ಮೇಲೆ ಲೋಟ ಏನು ಮಾಡ್ತೇವೆ?"

"ತೊಳೀತೇವೆ. ಇನ್ನೊಬ್ಬರಿಗೆ ಕೊಡ್ತೇವೆ."

"ಅಷ್ಟೇ ಮಾರಾಯ. ಆಡಿ ಮುಗಿಸಿದವ ತಂದು ಕೊಡಲಿ. ನಾವು ಉಜ್ಜಿ ಇನ್ನೊಬ್ಬನಿಗೆ ಕೊಡುವ. ಇದಕ್ಕೆ ದೊಡ್ಡ ಓದು ಬೇಕಾ?"

ಹಳೇ ಗೇಮಿನ ವ್ಯಾಪಾರ ಎಂದರೆ ಇಷ್ಟೇ. ನಮ್ಮಿಂದ ಕೊಂಡದ್ದನ್ನು ಆಡಿ ಮುಗಿಸಿ ತಂದರೆ ಅದನ್ನು ಹಿಡಿದುಕೊಂಡು, ಸ್ವಲ್ಪ ಹಣ ಮೇಲೆ ತೆಗೆದುಕೊಂಡು ಇನ್ನೊಂದು ಕೊಡುವುದು. ಶೆಟ್ರು ಪೈಂಟರನ್ನು ಕರೆಸಿ ಮೆಟ್ಟಿಲಿನ ಬುಡದಲ್ಲಿ ಬೋರ್ಡು ಬರೆಸಿದರು: ಇಲ್ಲಿ ಕೊಂಡದ್ದು ಇಲ್ಲಿಗೇ ವಾಪಸ್.

ಮೆಟ್ಟಿಲಿನ ಬುಡ ಎಂದರೆ ಹೋಟೆಲಿನ ಬಾಗಿಲು. ಬೋರ್ಡು ಹಾಕಿದ ವಾರದಲ್ಲೇ ಮಾಣಿ ಊರಿನ ಕಡೆಯ ಒಬ್ಬರು ಅರ್ಧ ತಿಂದ ಬನ್ಸ್ ಹಿಡಿದುಕೊಂಡು ಕ್ಯಾಶ್ ಕೌಂಟರಿಗೆ ಬಂದರು. "ಇದು ಸಿಹಿ ಸಾಲದು. ವಾಪಸ್ ತಗೊಳ್ತೇವೆ ಅಂತ ಬರೆದಿದ್ದೀರಲ್ಲ?" ಹೋಟೆಲಿನಲ್ಲಿ ಕೂತವರೆಲ್ಲ ಕೈಯಲ್ಲಿದ್ದ ತುತ್ತು ಕೈಯಲ್ಲೇ ಬಿಟ್ಟು ಶೆಟ್ರ ಮುಖ ನೋಡಿದರು. ಬೋರ್ಡು ಮಾಳಿಗೆಯದ್ದು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಶೆಟ್ರು ಹೇಳಲಿಲ್ಲ. ಅರ್ಧ ಬನ್ಸನ್ನು ಗಂಭೀರವಾಗಿ ತೆಗೆದುಕೊಂಡು ಹಣ ವಾಪಸ್ ಕೊಟ್ಟರು. ಅವರು ಹೋದ ಮೇಲೆ ನನಗೆ ಹೇಳಿದರು: "ಬರೆಸಿದ ಮೇಲೆ ಆಯಿತು. ಈ ಮಾತಿಗೆ ನಾವು ತಪ್ಪಿದ ದಿನ ಬೋರ್ಡು ಇಳಿಸುವ. ಬೋರ್ಡು ಇಳಿದರೆ ಅಂಗಡಿ ಯಾಕೆ?"

ಅಂದಿನಿಂದ ಆ ಬೋರ್ಡೇ ಅವರ ಮರ್ಯಾದೆ. ನನ್ನ ಕೆಲಸ ಎಂದರೆ ಆ ಮರ್ಯಾದೆಯನ್ನು ಕಾಯುವುದು. ಸಂಬಳ ಮಾತ್ರ ಗೇಮ್ ಮಾರುವುದಕ್ಕೆ.

ಇನ್ನು ಪರೀಕ್ಷೆಯ ಕ್ರಮ. ಹೋಟೆಲಿನಲ್ಲಿ ಅಡಿಗೆಯ ಭಟ್ರು ಸಾಂಬಾರಿನ ರುಚಿ ನೋಡದೆ ಒಂದು ಸೌಟೂ ಹೊರಗೆ ಹೋಗಬಾರದೆಂಬುದು ಶೆಟ್ರ ಕಟ್ಟಳೆ. ಮಾಳಿಗೆಗೂ ಅದೇ. ಬಂದ ಡಿಸ್ಕನ್ನು ನಾನು ಟ್ಯೂಬ್‌ಲೈಟಿಗೆ ಹಿಡಿದು ಗೀರು ನೋಡಬೇಕು. ಸಣ್ಣ ಗೀರಾದರೆ ಟೂತ್‌ಪೇಸ್ಟ್ ಹಚ್ಚಿ ನಡುವಿನಿಂದ ಅಂಚಿಗೆ ಹಳೇ ಪಂಚೆಯ ತುಂಡಿನಲ್ಲಿ ಉಜ್ಜಬೇಕು. ಆಮೇಲೆ ಅಂಗಡಿಯ ಮೆಷಿನಿಗೆ ಹಾಕಿ ಒಂದು ಆಟ ಆಡಿ ನೋಡಬೇಕು. ಎಲ್ಲ ಸರಿಯಿದ್ದರೆ ಪೆಟ್ಟಿಗೆಯ ಮೇಲೆ ಒಂದು ಸೀಲು: 'ಪರೀಕ್ಷಿಸಲಾಗಿದೆ'.

ಇದರ ನಡುವೆ ಶೆಟ್ರದ್ದೇ ಒಂದು ಪರೀಕ್ಷೆ ಇತ್ತು, ಮೂಗಿನದ್ದು. ಬಂದ ಪ್ರತಿ ಪೆಟ್ಟಿಗೆಯನ್ನು ತೆರೆದು ಮೂಸುತ್ತಿದ್ದರು. "ಇದು ದುಬಾಯಿಯದ್ದು, ಅತ್ತರ್ ಬರ್ತದೆ." "ಇದು ಹಾಸ್ಟೆಲಿನದ್ದು, ಒಗೆಯದ ಕಾಲುಚೀಲ." "ಇದು ಬಂಟ್ವಾಳದ ಮನೆಯದ್ದು, ನಿನ್ನೆ ಬಂಗುಡೆ ಮೀನಿನ ಗಸಿ ಮಾಡಿದ್ದಾರೆ." ಗೇಮು ಹೇಗೆ ಆಡುವುದೆಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಆದರೆ ಯಾರ ಮನೆಯಲ್ಲಿ ಏನು ಅಡಿಗೆ ಎಂಬುದು ಮಾಳಿಗೆಯಲ್ಲೇ ಕೂತು ತಿಳಿಯುತ್ತಿತ್ತು. ನಾನು ನಗಾಡಿದರೆ, "ವಾಸನೆ ಉಂಟು ಅಂದರೆ ಆ ಸಾಮಾನು ಒಂದು ಮನೆಯಲ್ಲಿ ಇತ್ತು ಅಂತ ಅರ್ಥ. ಕದ್ದ ಮಾಲಿಗೆ ಇಂಥ ವಾಸನೆ ಇರುವುದಿಲ್ಲ" ಎನ್ನುತ್ತಿದ್ದರು.

ದುಬಾಯಿ, ಸೌದಿಯಿಂದ ರಜೆಗೆ ಬರುವವರು ಲಗೇಜಿನಲ್ಲಿ ಟವೆಲಿಗೆ ಸುತ್ತಿ ಡಿಸ್ಕು ತರುತ್ತಿದ್ದರು. ಹಾಗೆ ಒಮ್ಮೆ ಬೆಳ್ತಂಗಡಿಯ ಒಬ್ಬರು ಒಂದು ಫುಟ್‌ಬಾಲ್ ಗೇಮ್ ತಂದು ಕೊಟ್ಟು ಹೋದರು. ಮೆಷಿನಿಗೆ ಹಾಕಿದರೆ ಅಕ್ಷರವೆಲ್ಲ ಅರಬಿ.

ನಾನು ಮದರಸದಲ್ಲಿ ಕಲಿತವ. ಅರಬಿ ಅಕ್ಷರ ಕಂಡರೆ ತಡವರಿಸದೆ ಓದುತ್ತೇನೆ. ಅರ್ಥ ಮಾತ್ರ ಕೇಳಬಾರದು. ಪರದೆಯ ಮೇಲೆ ಇದ್ದದ್ದನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದೆ. ಚಿಕ್ಕಂದಿನಲ್ಲಿ ಕಲಿತ ರೂಢಿ, ರಾಗವೂ ತಾನಾಗಿ ಬಂತು. ಹಿಂದೆ ಏನೋ ಸದ್ದಾಯಿತೆಂದು ತಿರುಗಿದರೆ ಶೆಟ್ರು ಚಪ್ಪಲಿ ಬಾಗಿಲ ಹೊರಗೆ ಕಳಚಿಟ್ಟು, ಕೈ ಮುಗಿದು ನಿಂತಿದ್ದಾರೆ.

"ಶೆಟ್ರೇ, ಇದು ಫುಟ್‌ಬಾಲು."

"ಇರಲಿ ಮಾರಾಯ. ನೀನು ಓದುವ ಧಾಟಿ ಕೇಳಿ ಕೈ ಎದ್ದಿತು. ಎದ್ದದ್ದನ್ನು ಇಳಿಸುವುದು ಹೇಗೆ?"

ಸಂಜೆ ಮದರಸದ ಉಸ್ತಾದರ ಹತ್ತಿರ ಹೋಗಿ, ಬಾಯಿಪಾಠ ಮಾಡಿಕೊಂಡ ಸಾಲುಗಳನ್ನು ಒಪ್ಪಿಸಿ ಅರ್ಥ ಕೇಳಿದೆ. ಅವರು ಕಣ್ಣು ಮುಚ್ಚಿ ಕೇಳಿ, ಗಡ್ಡ ನೀವಿ, ಒಂದೊಂದಕ್ಕೂ ಅರ್ಥ ಹೇಳಿದರು. "ಹೊಸ ಆಟ." "ಮುಂದುವರಿಸು." "ತಂಡವನ್ನು ಆರಿಸು." ಆಮೇಲೆ ಒಂದು ಕಣ್ಣು ತೆರೆದು, "ಇದು ಯಾವ ಕಿತಾಬು ಹಮೀದ್?" ಎಂದರು. ಹೇಳಿದೆ. ಅವರು ಇನ್ನೊಂದು ಕಣ್ಣನ್ನೂ ತೆರೆದು, "ಯಾರು ಗೆದ್ದದ್ದು?" ಎಂದು ಕೇಳಿದರು.

ಆ ಡಿಸ್ಕನ್ನು ಮೊದಲು ಒಯ್ದವ ಬಾಗಲಕೋಟೆಯಿಂದ ಬಂದು ಇಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಬಸವರಾಜ. ಮಾರನೆಯ ದಿನವೇ ಓಡಿ ಬಂದ. "ಅಣ್ಣಾ, ಎಲ್ಲಾ ಉರ್ದು ಬರಾಕತ್ತೈತ್ರಿ!"

"ಉರ್ದು ಅಲ್ಲ, ಅರಬಿ. ಬೇಡವಾದರೆ ಕೊಡು, ಬೋರ್ಡು ಉಂಟು."

"ಬ್ಯಾಡ ಅಂತ ಯಾರ್ ಅಂದ್ರು? ಗೋಲ್ ಹೊಡದ್ರ ಆ ಕಾಮೆಂಟ್ರಿ ಮನಶ್ಯಾ ಏನ್ ಒದರ್ತಾನ್ರಿ! ಹಾಸ್ಟೆಲ್ ಮಂದಿ ಎಲ್ಲಾ ಕೂಡಿ ಬಿಟ್ಟೈತಿ. ಗುಂಡಿ ಯಾವುದು ಯಾವುದು ಅಂತ ಹೇಳ್ರಿ, ಸಾಕು."

ಆಮೇಲೆ ಅದು ಹೋಗಿ ಬಂದು, ಬಂದು ಹೋಗಿ, ನಮ್ಮಲ್ಲಿ ಅತಿ ಹೆಚ್ಚು ಸಲ ಮೆಟ್ಟಿಲು ಹತ್ತಿಳಿದ ಡಿಸ್ಕು ಅದೇ ಆಯಿತು. ಶೆಟ್ರು ಮಾತ್ರ ಅದನ್ನು ಮೇಲಿನ ಶೆಲ್ಫಿನಿಂದ ಕೆಳಗೆ ಇಡಲಿಕ್ಕೆ ಬಿಡಲೇ ಇಲ್ಲ. ಫುಟ್‌ಬಾಲು ಎಂದು ಗೊತ್ತಾದ ಮೇಲೂ.

ಹೀಗೆ ಸುಖವಾಗಿ ನಡೆಯುತ್ತಿದ್ದ ಹೊತ್ತಿಗೆ ಕಾಲ ಬದಲಾಯಿತು. ಬದಲಾದದ್ದು ನಮಗೆ ತಿಳಿದದ್ದು ಒಂದು ರಟ್ಟಿನ ಪೆಟ್ಟಿಗೆಯಿಂದ.

ಮಂಗಳೂರಿನ ಸಗಟು ವ್ಯಾಪಾರಿ ಹೊಸ ಮಾಲು ಕಳಿಸಿದ್ದ. ಒಂದು ಪೆಟ್ಟಿಗೆ ತೆರೆದೆ. ಒಳಗೆ ಡಿಸ್ಕು ಇಲ್ಲ. ಒಂದು ಕಾಗದ, ಅದರಲ್ಲಿ ಬೂದಿ ಬಣ್ಣದ ಒಂದು ಪಟ್ಟಿ. ಇನ್ನೊಂದು ತೆರೆದೆ, ಅದೂ ಹಾಗೇ. ಶೆಟ್ರು ಮೂಸಿ ನೋಡಿದರು.

"ಇದಕ್ಕೆ ವಾಸನೆಯೇ ಇಲ್ಲವಲ್ಲ ಹಮೀದೇ! ಬಾಳೆ ಎಲೆ ಹಾಕಿದ್ದಾರೆ, ಊಟ ಎಲ್ಲಿ?"

ಫೋನು ಮಾಡಿದರೆ ಅವ ನಕ್ಕು, ಈಗ ಹೀಗೇ ಬರುವುದು, ಪಟ್ಟಿ ಗೀರಿದರೆ ನಂಬರು ಬರುತ್ತದೆ, ನಂಬರು ಮೆಷಿನಿಗೆ ಕೊಟ್ಟರೆ ಗೇಮು ಇಂಟರ್ನೆಟ್ಟಿನಿಂದ ಇಳಿದು ಬರುತ್ತದೆ ಎಂದ. ಶೆಟ್ರು ಯೋಚಿಸಿದರು. "ಸರಿ. ಆದರೆ ಪರೀಕ್ಷೆ ಮಾಡದೆ ಒಂದೂ ಮೆಟ್ಟಿಲು ಇಳಿಯಬಾರದು."

ಪರೀಕ್ಷೆ ಮಾಡಿದೆವು. ಇಡೀ ದಿನ ನಾಣ್ಯ ಹಿಡಿದು ಒಂದೊಂದೇ ಪಟ್ಟಿ ಗೀರಿದೆ. ಒಂದೊಂದೇ ನಂಬರನ್ನು ಅಂಗಡಿಯ ಮೆಷಿನಿಗೆ ಕೊಟ್ಟೆ. ಒಂದೊಂದೇ ಗೇಮು ಇಳಿದು ಬಂದು ಕುಣಿಯಿತು. ಶೆಟ್ರು ಸ್ಟೂಲಿನ ಮೇಲೆ ಕೂತು, "ಒಂದೂ ಹಾಳಾದದ್ದಿಲ್ಲ! ಇಂಥಾ ಮಾಲು ಇಷ್ಟು ವರ್ಷದಲ್ಲಿ ಬಂದಿಲ್ಲ" ಎಂದು ಹೊಗಳಿದ್ದೇ ಹೊಗಳಿದ್ದು. ನಾನು ಎಲ್ಲದಕ್ಕೂ ಸೀಲು ಒತ್ತಿದೆ. ಪರೀಕ್ಷಿಸಲಾಗಿದೆ.

ಮೊದಲನೆಯದನ್ನು ಒಯ್ದವನೂ ಬಸವರಾಜನೇ. ಒಯ್ದ ದಿನ ಸಂಜೆಯೇ ತಿರುಗಿ ಬಂದ. "ಅಣ್ಣಾ, ಈ ನಂಬರ್ ಆಗಲೇ ಬಳಸ್ಯಾರ ಅಂತ ತೋರಸಾಕತ್ತೈತ್ರಿ."

"ಹೌದಲ್ಲ, ನಾವೇ ಬಳಸಿ ನೋಡಿದ್ದು. ಸೀಲು ಉಂಟು, ನೋಡು."

ಅವ ನನ್ನ ಮುಖ ನೋಡಿದ. ಸೀಲು ನೋಡಿದ. ಶೆಲ್ಫಿನಲ್ಲಿ ಸಾಲಾಗಿ ಸೀಲು ಹೊಡೆಸಿಕೊಂಡು ಕೂತಿದ್ದ ಬಾಕಿ ಪೆಟ್ಟಿಗೆಗಳನ್ನು ನೋಡಿದ. ಹಾಗೇ ಮೆಟ್ಟಿಲ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಗಲಿಕ್ಕೆ ಶುರು ಮಾಡಿದ. "ಒಂದ್ಸಲ ಹಾಕಿದ್ರ ಅದು ಆ ಮಷಿನ್‌ದಾಗನ ಉಳೀತೈತ್ರಿ ಅಣ್ಣಾ! ನೀವು ಇಡ್ಲಿ ತಿಂದು, ಭಾಳ ರುಚಿ ಐತಿ ಅಂತ ಸೀಲ್ ಹೊಡದು, ನನಗ ಖಾಲಿ ತಾಟ್ ಕೊಟ್ಟೀರಿ!"

ಶೆಟ್ರು ನಗಲಿಲ್ಲ. ಖಾಲಿ ಪೆಟ್ಟಿಗೆಯನ್ನು ವಾಪಸ್ ತೆಗೆದುಕೊಂಡು ಹಣ ಕೊಟ್ಟರು. ಆ ಗೇಮುಗಳೆಲ್ಲ ಅಂಗಡಿಯ ಮೆಷಿನಿನೊಳಗೆ ಮನೆ ಅಳಿಯಂದಿರ ಹಾಗೆ ಶಾಶ್ವತ ಉಳಿದವು. ಅವರನ್ನು ಹೊರಗೆ ಹಾಕುವ ಹಾಗಿಲ್ಲ, ಅವರಿಂದ ಪ್ರಯೋಜನವೂ ಇಲ್ಲ.

ಅಲ್ಲಿಂದ ಮುಂದೆ ನಾವು ನಂಬರನ್ನು ಗೀರದೆಯೇ ಮಾರಿದೆವು. ಹಾಗೆ ಮಾರಿದ ದಿನ ಶೆಟ್ರಿಗೆ ಊಟ ಸೇರುತ್ತಿರಲಿಲ್ಲ. ರುಚಿ ನೋಡದೆ ಬಡಿಸಿದ ಸಂಕಟ. ಸೀಲು ಮೇಜಿನ ಡ್ರಾಯರಿಗೆ ಸೇರಿತು. ಡಿಸ್ಕು ಹಾಕುವ ಬಾಯಿಯೇ ಇಲ್ಲದ ಮೆಷಿನುಗಳು ಬಂದವು. "ಬಾಯಿ ಇಲ್ಲದ್ದು ತಿನ್ನುವುದು ಎಲ್ಲಿಂದ?" ಎಂದು ಶೆಟ್ರು ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು.

ಬೋರ್ಡಿಗೆ ನಿಜವಾದ ಪರೀಕ್ಷೆ ಬಂದದ್ದು ಇಂಥ ಒಂದು ಮೆಷಿನಿನಿಂದಲೇ.

ಒಂದು ಮಧ್ಯಾಹ್ನ, ಹೋಟೆಲಿನಲ್ಲಿ ಊಟದ ಗದ್ದಲ. ವೇಣೂರಿನ ಬಸ್ಸಿನಿಂದ ಒಬ್ಬ ಹೆಂಗಸು ಇಳಿದು ಬಂದರು. ಕಂಕುಳಲ್ಲಿ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿದ ಏನೋ ಒಂದು. ಹೆಸರು ಕುಸುಮಕ್ಕ, ಡೈರಿಗೆ ಹಾಲು ಹಾಕುವವರು. ಅವರ ಮಗ ಸುಜಿತ್ ಪಿಯುಸಿ. ಸೋದರಮಾವ ಮಸ್ಕತ್ತಿನಿಂದ ಕಳಿಸಿದ ಬಾಯಿ ಇಲ್ಲದ ಮೆಷಿನಿಗೆ ಅವ ನಮ್ಮಿಂದ ಒಂದು ನಂಬರು ಒಯ್ದಿದ್ದ. ಪರೀಕ್ಷೆ ಹತ್ತಿರ ಬಂದರೂ ಪುಸ್ತಕ ಮುಟ್ಟುತ್ತಿಲ್ಲ. ಕುಸುಮಕ್ಕ ಗಂಟನ್ನು ಕ್ಯಾಶ್ ಕೌಂಟರಿನ ಮೇಲೆಯೇ ಇಟ್ಟು ಬಿಚ್ಚಿದರು.

"ನಿಮ್ಮ ಬೋರ್ಡು ಓದಿಯೇ ಬಂದದ್ದು. ಇದರೊಳಗೆ ಹಾಕಿದ ಗೇಮು ವಾಪಸ್ ತೆಗೆದುಕೊಳ್ಳಿ."

ನಾನು ಮೆಟ್ಟಿಲಿಳಿದು ಬಂದೆ. "ಅಕ್ಕಾ, ಅದು ತೆಗೆಯಲಿಕ್ಕೆ ಬರುವಂಥದ್ದಲ್ಲ."

"ಹಾಕಲಿಕ್ಕೆ ಬರ್ತದೆ, ತೆಗೆಯಲಿಕ್ಕೆ ಬರುವುದಿಲ್ಲವಾ?"

"ಅಳಿಸಿದರೂ ಅದು ಹೋಗುವುದಿಲ್ಲ. ಮೇಲಿನಿಂದ ಪುನಃ ಇಳಿಸಬಹುದು."

"ಮೇಲೆ ಅಂದರೆ? ನಿಮ್ಮ ಮಾಳಿಗೆಯಲ್ಲಾ?"

"ಅಲ್ಲ, ಬೇರೆ ಕಡೆ."

"ಯಾವ ಊರು?"

ನಾನು ಶೆಟ್ರ ಮುಖ ನೋಡಿದೆ. ಕುಸುಮಕ್ಕ ಶೆಟ್ರ ಕಡೆ ತಿರುಗಿದರು. "ನೋಡಿ ಧಣಿಗಳೇ, ನಾನು ಹಾಲು ಹಾಕುವವಳು. ನನ್ನ ಹಾಲು ಸರಿ ಇಲ್ಲ ಅಂದರೆ ಡೈರಿಯವರು ಯಾವ ದನ ಅಂತ ಕೇಳ್ತಾರೆ, ನಾನು ಹೇಳ್ತೇನೆ. ಯಾವ ಊರಿನಲ್ಲಿ ಉಂಟು ಅಂತಲೇ ಗೊತ್ತಿಲ್ಲದ ಸಾಮಾನು ಮಾರುವವರು ವಾಪಸ್ ಅಂತ ಬೋರ್ಡು ಯಾಕೆ ಹಾಕಬೇಕು?"

ಹೋಟೆಲಿನಲ್ಲಿ ಸಾರು ಸುರಿಯುವ ಸದ್ದೂ ನಿಂತಿತು. ಶೆಟ್ರು ಬೋರ್ಡಿನ ಕಡೆ ಒಮ್ಮೆ ನೋಡಿದರು. ಏಣಿ ತರಲಿಕ್ಕೆ ಹೇಳುತ್ತಾರೆಂದೇ ನಾನು ಎಣಿಸಿದೆ. ಏಣಿ ಬಂದರೆ ನನ್ನ ಕೆಲಸವೂ ಅದರಲ್ಲೇ ಇಳಿಯುತ್ತದೆ.

"ಗೇಮು ನಾವು ವಾಪಸ್ ತೆಗೆದುಕೊಂಡೆವು" ಎಂದರು ಶೆಟ್ರು. ಹಣ ಎತ್ತಿ ಕೊಟ್ಟರು. "ಅದು ಇದರೊಳಗೇ ಇರಲಿ. ಆದರೆ ಇನ್ನು ನಮ್ಮದು."

ಎಲ್ಲರೂ ಉಸಿರು ಬಿಟ್ಟರು. ಕುಸುಮಕ್ಕ ಬಿಡಲಿಲ್ಲ. "ಅದು ಹೇಗೆ? ಹಣ ನಾನು ತಗೊಂಡೆ, ಸಾಮಾನು ನಿಮ್ಮದು. ನಿಮ್ಮ ಸಾಮಾನು ನಮ್ಮ ಮನೆಯಲ್ಲಿ ಇರುವುದಾ? ನಾಳೆ ಯಾರಾದರೂ ಒಂದು ಮಾತು ಹೇಳಿದರೆ? ಇದು ಇಲ್ಲೇ ಇರಲಿ. ಪರೀಕ್ಷೆ ಮುಗಿದ ಮೇಲೆ ನೋಡುವ." ಗಂಟು ಬಿಟ್ಟು, ಬೆಡ್‌ಶೀಟು ಮಾತ್ರ ಮಡಚಿಕೊಂಡು ಬಸ್ಸು ಹತ್ತಿದರು.

ಸುದ್ದಿಗೆ ಕಾಲು ಬಂತು. ಮುಂದಿನ ವಾರ ಬೆಳ್ತಂಗಡಿಯಿಂದ ಒಬ್ಬರು ತಾಯಿ, ಬಂಟ್ವಾಳದಿಂದ ಇಬ್ಬರು, ಒಟ್ಟಿಗೇ ಒಂದು ರಿಕ್ಷಾದಲ್ಲಿ ಒಬ್ಬರು ಉಮ್ಮ ಮತ್ತು ಅವರ ಅತ್ತೆ. ಎಲ್ಲರ ಕೈಯಲ್ಲೂ ಗಂಟು. ಮಾಳಿಗೆ ಪರೀಕ್ಷೆಯ ಕಾಲದ ಲಗೇಜು ಕೋಣೆಯಾಯಿತು. ಶೆಟ್ರು ಬಂದ ತಾಯಂದಿರಿಗೆಲ್ಲ ಚಾ ಕೊಡಿಸಿದರು. ಹುಡುಗರು ಕಾಲೇಜು ಬಿಟ್ಟ ಮೇಲೆ ಆಸ್ಪತ್ರೆಗೆ ಬಂದವರ ಹಾಗೆ ಮೆಲ್ಲ ಮೆಟ್ಟಿಲು ಹತ್ತುತ್ತಿದ್ದರು.

"ಹಮೀದಾಕ, ಒಮ್ಮೆ ನೋಡಿ ಹೋಗ್ತೇನೆ."

"ನೋಡು. ಮುಟ್ಟಬೇಡ."

"ಧೂಳು ಕೂತಿದೆಯಲ್ಲ, ಒರೆಸ್ಲಾ?"

"ಒರೆಸು. ವೈರು ಹುಡುಕಬೇಡ, ವೈರು ನಿನ್ನ ಉಮ್ಮನ ಹತ್ತಿರ ಉಂಟು."

ಸುಜಿತ್ ದಿನಾಲೂ ಬಂದು ತನ್ನದರ ಎದುರು ಕೂತು ಅಲ್ಲೇ ಪಾಠ ಓದುತ್ತಿದ್ದ. ಒಳ್ಳೆಯ ಅಂಕ ಬಂತು. ಕುಸುಮಕ್ಕ ಬಂದು ಮೆಷಿನು ಒಯ್ಯುವಾಗ ಶೆಟ್ರು ಹುಡುಗನನ್ನು ಕರೆದು, "ಆ ಒಂದು ಗೇಮು ಅಂಗಡಿಯದ್ದು, ಗೊತ್ತುಂಟಲ್ಲ? ಮುಟ್ಟಬೇಡ" ಎಂದರು. ಅವ ಎದೆಯ ಮೇಲೆ ಕೈ ಇಟ್ಟು ಒಪ್ಪಿದ.

ಲಗೇಜು ಇಟ್ಟುಕೊಂಡರೆ ಅಂಗಡಿ ನಡೆಯುವುದಿಲ್ಲ. ಹಳೇ ಡಿಸ್ಕು ಕೇಳುವವರು ಕಡಿಮೆಯಾಗುತ್ತಾ ಆಗುತ್ತಾ, ಮೆಟ್ಟಿಲಿನಲ್ಲಿ ಹೋಟೆಲಿನ ಈರುಳ್ಳಿ ಮೂಟೆ ಇಡುವಷ್ಟಾಯಿತು. ಒಂದು ದಿನ ಶೆಟ್ರು ಮೂಟೆಯ ಮೇಲೆಯೇ ಕೂತು, "ಮುಚ್ಚುವ ಹಮೀದೇ. ನನಗೂ ಮಂಡಿ ನೋವು, ನಿನಗೂ ಕಣ್ಣು ಸಾಲದು. ಆದರೆ ಬೋರ್ಡು ಸುಮ್ಮನೆ ಇಳಿಸಲಿಕ್ಕಿಲ್ಲ. ಕೊಟ್ಟ ಮಾತು ಊರೆಲ್ಲ ಹರಡಿ ಉಂಟು. ಒಟ್ಟು ಮಾಡಿ ಮುಗಿಸಬೇಕು" ಎಂದರು.

ಬಟ್ಟೆಯ ಮೇಲೆ ಬರೆಸಿ ಹೋಟೆಲಿನ ಎದುರು ಕಟ್ಟಿಸಿದರು: ತಿಂಗಳ ಕೊನೆಗೆ ಬೋರ್ಡು ಇಳಿಯುತ್ತದೆ, ವಾಪಸ್ ಕೊಡುವವರು ಅದರೊಳಗೆ ಕೊಡಬೇಕು. ಊರೂರಿನ ಡಿಸ್ಕುಗಳು ಒಟ್ಟಿಗೇ ಮೆಟ್ಟಿಲು ಹತ್ತಿದರೆ ಏನು ಗತಿ ಎಂದು ನಾನು ಹೆದರಿ ಹೆಚ್ಚಿನ ಶೆಲ್ಫು ಹೊಡೆಸಿದೆ. ಶೆಟ್ರು ಒಗೆದ ಅಂಗಿ ಹಾಕಿ ಮಾಳಿಗೆಯಲ್ಲೇ ಕೂತರು.

ಜನ ಬಂದರು. ಕೈ ಬೀಸಿಕೊಂಡು ಬಂದರು. ಮೀಸೆ ನರೆತವರು, ಮಕ್ಕಳನ್ನು ಎತ್ತಿಕೊಂಡವರು. "ನಾನು ಆಗ ಕೊಟ್ಟು ಹೋದ ಕಾರಿನ ಗೇಮು ಉಂಟಾ ಹಮೀದಾಕ?" "ನನ್ನದು ಕುಸ್ತಿಯದ್ದು, ಪೆಟ್ಟಿಗೆಯ ಮೂಲೆ ಒಡೆದದ್ದು, ಅದೇ ಆಗಬೇಕು." ತಾವು ಕೊಟ್ಟದ್ದನ್ನು ಒಯ್ಯಲಿಕ್ಕೆ ಬಂದವರು! ಬಸವರಾಜನೂ ಬಂದ. ಈಗ ಇಲ್ಲೇ ಒಂದು ಕಾಲೇಜಿನಲ್ಲಿ ಮೇಷ್ಟ್ರು.

"ಆ ಉರ್ದು ಡಿಸ್ಕ್ ಐತೇನ್ರಿ ಅಣ್ಣಾ?"

"ಅರಬಿ. ಉಂಟು. ಹಾಕುವ ಮೆಷಿನು ಉಂಟಾ ನಿನ್ನ ಹತ್ತಿರ?"

"ಎಲ್ಲೈತ್ರಿ. ಬಾಯಿ ಇಲ್ಲದ್ದು ತಗೊಂಡೀನಿ. ಶೋಕೇಸ್‌ದಾಗ ಇಡ್ತೀನಿ."

ಶೆಟ್ರು ಎದ್ದು ಮೇಲಿನ ಶೆಲ್ಫಿನಿಂದ ತೆಗೆದು, ಎರಡೂ ಕೈಯಲ್ಲಿ ಕೊಟ್ಟರು. "ಕೆಳಗೆ ಇಡಬೇಡ" ಎಂದರು.

ಶೆಲ್ಫುಗಳು ಖಾಲಿಯಾದವು. ನಾನು ಹಗುರಾದೆ. ಶೆಟ್ರ ಮುಖ ಮಾತ್ರ ದಿನದಿಂದ ದಿನಕ್ಕೆ ಸಣ್ಣದಾಯಿತು. "ಒಂದೂ ವಾಪಸ್ ಬರಲಿಲ್ಲವಲ್ಲ ಮಾರಾಯ. ಬರೆಸಿದ್ದು ಒಂದು, ಆದದ್ದು ಇನ್ನೊಂದು. ನಾವು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ ಎಣಿಸಿದರೋ ಏನೋ."

ಕೊನೆಯ ದಿನ ಏಣಿ ಬಂತು. ಬೋರ್ಡಿನ ಒಂದು ಮೊಳೆ ಕಿತ್ತಾಯಿತು. ಅಷ್ಟರಲ್ಲಿ ವೇಣೂರಿನ ಬಸ್ಸು ನಿಂತಿತು. ಕುಸುಮಕ್ಕ, ಕಂಕುಳಲ್ಲಿ ಅದೇ ಬೆಡ್‌ಶೀಟಿನ ಗಂಟು.

"ನಿಲ್ಲಿಸಿ! ನಿಮ್ಮ ಸಾಮಾನು ನಮ್ಮಲ್ಲೇ ಉಂಟಲ್ಲ!" ಏದುಸಿರು ಬಿಡುತ್ತಾ ಬಂದರು. "ಮೆಷಿನು ಸತ್ತಿದೆ. ಕಳೆದ ಮಳೆಗಾಲದಲ್ಲಿ ಸಿಡಿಲಿಗೆ ಹೋಯಿತು. ಆದರೆ ಗೇಮು ಒಳಗೆ ಉಂಟು. ಅವತ್ತು ಹಣ ತಗೊಂಡಿದ್ದೇನೆ, ಬೋರ್ಡು ಇಳಿದ ಮೇಲೆ ಯಾರಿಗೆ ಕೊಡುವುದು?"

"ಸುಜಿತ್ ಮುಟ್ಟಲಿಲ್ಲವಾ?" ನಾನು ಕೇಳಿದೆ.

"ಮುಟ್ಟಲಿಲ್ಲ ಅಂತ ಹೇಳ್ತಾನೆ. ನಾನು ಪಕ್ಕದಲ್ಲೇ ಕೂತು ಕಾದಿದ್ದೇನೆ. ಆದರೆ ಯಾವುದು ನಿಮ್ಮದು, ಯಾವುದು ಅಲ್ಲ ಅಂತ ನನಗೆ ಹೇಗೆ ಗೊತ್ತಾಗ್ತದೆ? ಎಲ್ಲದರಲ್ಲೂ ಓಡ್ತಾರೆ, ಹಾರ್ತಾರೆ, ಸಾಯ್ತಾರೆ."

ಏಣಿಯ ಬುಡದಲ್ಲಿ ನಿಂತಿದ್ದ ಶೆಟ್ರು ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಬಿಚ್ಚಿದರು. ಟ್ಯೂಬ್‌ಲೈಟಿಗೆ ಹಿಡಿದರೆ ಏನೂ ಕಾಣುವಂಥದ್ದಲ್ಲ, ಹಾಕಿ ನೋಡಿದರೆ ಏಳುವಂಥದ್ದಲ್ಲ. ಹಳೇ ರೂಢಿಯಂತೆ ಅದರ ಗಾಳಿ ಕಿಂಡಿಗೆ ಮೂಗು ಇಟ್ಟರು. ಕಣ್ಣು ಮುಚ್ಚಿದರು. ಇನ್ನೊಮ್ಮೆ ಮೂಸಿದರು.

"ಒಣ ಸಿಗಡಿ" ಎಂದರು.

ಕುಸುಮಕ್ಕ ನಾಚಿ ಸೆರಗಿನಿಂದ ಬಾಯಿ ಮುಚ್ಚಿದರು. "ಅಟ್ಟದಲ್ಲಿ ಸಿಗಡಿ ಡಬ್ಬದ ಹತ್ತಿರ ಇಟ್ಟಿದ್ದೆ ಧಣಿಗಳೇ. ಒರೆಸಿದ್ದೇನೆ, ಹೋಗಲಿಲ್ಲ."

ಶೆಟ್ರ ಮುಖ ಅರಳಿತು. ನಂಬರಿನ ಪೆಟ್ಟಿಗೆ ಬಂದಂದಿನಿಂದ ನಾನು ಕಾಣದ ನಗು ಅದು.

"ಹಮೀದೇ, ಸೀಲು ಎಲ್ಲಿ ಉಂಟು?"

ಡ್ರಾಯರಿನ ಮೂಲೆಯಲ್ಲಿತ್ತು. ಪ್ಯಾಡು ಒಣಗಿತ್ತು. ಕೆಳಗಿನಿಂದ ಲೋಟದಲ್ಲಿ ಎರಡು ಹನಿ ನೀರು ತರಿಸಿ ಒದ್ದೆ ಮಾಡಿದೆ. ಮೆಷಿನಿನ ಬೆನ್ನಿಗೆ ಗಟ್ಟಿಯಾಗಿ ಒತ್ತಿದೆ. ಪರೀಕ್ಷಿಸಲಾಗಿದೆ.

ಆಮೇಲೆ ಶೆಟ್ರು ಏಣಿಯವನಿಗೆ ತಲೆ ಆಡಿಸಿ, ಎರಡನೆಯ ಮೊಳೆ ಕೀಳಲಿಕ್ಕೆ ಹೇಳಿದರು.